ಇಲ್ಲ ಅಂದದ್ದು ಯಾರು?

ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿದರೆ ಗ್ರಾಫಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ವರ್ಚುವಲೈಸೇಶನ್: ಎನೇಬಲ್ಡ್’ ಅಂತ ಇರುತ್ತದೆ, ಅಂದರೆ ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ ಆನ್ ಇದೆ ಅಂತ. ಅದೇ ಮೆಷೀನಿನಲ್ಲಿ, ಅದೇ ಹೊತ್ತಿಗೆ, ಹಾಗೆ ಓಡಿಸಿಕೊಡುವ ಸಾಫ್ಟ್‌ವೇರಾದ, ಹಳೆಯ ವರ್ಶನ್ನಿನ ವರ್ಚುವಲ್‌ಬಾಕ್ಸ್ ಸ್ಟಾರ್ಟ್ ಮಾಡಿದರೆ ‘ವಿಟಿ-ಎಕ್ಸ್ ಈಸ್ ನಾಟ್ ಅವೈಲಬಲ್’ ಅಂತ ಒಂದು ಡಬ್ಬಿ ಎದ್ದು ನಿಲ್ಲುತ್ತದೆ. ವಿಟಿ-ಎಕ್ಸ್ ಅಂದರೆ ಇಂಟೆಲ್ ಚಿಪ್ಪಿನಲ್ಲಿರುವ ಅದೇ ಸೌಲಭ್ಯ. ಎರಡನ್ನೂ ಒಂದೇ ಸ್ಕ್ರೀನ್‌ಶಾಟಿನಲ್ಲಿ ಹಿಡಿದು, ಕೆಂಪು ಬಾಣ ಬರೆದು, ‘ಇದೇನ್ ಸರ್ ಇದು?’ ಅಂತ ವಾಟ್ಸ್‌ಆ್ಯಪ್ ಮಾಡುವ ಹುಡುಗರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಅಂತ ಅವರ ಲೆಕ್ಕ. ಎರಡೂ ನಿಜವನ್ನೇ ಹೇಳುತ್ತಿವೆ. ಅದು ಹೇಗೆ ಅನ್ನುವುದು ಆಮೇಲೆ ಬರುತ್ತದೆ. ಸಿಸ್ಟಮ್ ಅಡ್ಮಿನ್ ಕೆಲಸದಲ್ಲಿ ಕೂದಲು ನರೆಸಿಕೊಂಡ ನನ್ನನ್ನು ಕಾಡುವುದು ಬೇರೆ ವಿಷಯ: ಈ ‘ಇಲ್ಲ’ ಅನ್ನುವ ಉತ್ತರ ಬರುತ್ತದಲ್ಲ, ಅದರ ಕೆಳಗೆ ಯಾರ ಸಹಿಯೂ ಇರುವುದಿಲ್ಲ. ಚಿಪ್ ಇಲ್ಲ ಅಂದಿತೋ, ಆನ್ ಮಾಡಿದೊಡನೆ ವಿಂಡೋಸಿಗೂ ಮುಂಚೆ ಓಡುವ ಬಯಾಸ್ ಇಲ್ಲ ಅಂದಿತೋ, ವಿಂಡೋಸ್ ಇಲ್ಲ ಅಂದಿತೋ, ಇಲ್ಲ ಇನ್ಯಾವುದೋ ಸಾಫ್ಟ್‌ವೇರ್ ಮೊದಲೇ ಬಂದು ಕೂತಿದೆಯೋ, ಕೊನೆಗೆ ಪರದೆಯ ಮೇಲೆ ಬರುವುದು ಹೆಚ್ಚುಕಮ್ಮಿ ಒಂದೇ ವಾಕ್ಯ.

ಇದರ ಶಿಖರ ಅಂದರೆ ಹ್ಯಾಕ್ಸ್‌ಎಂ. ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಫೋನ್, ಓಡಿಸಲು ಇಂಟೆಲ್ ಕೊಟ್ಟಿದ್ದ ಆ ಡ್ರೈವರ್ ಇನ್‌ಸ್ಟಾಲ್ ಆಗದೆ ಬಿದ್ದಾಗ ಒಂದು ಮೆಸೇಜ್ ಬರುತ್ತಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ: ಈ ಕಂಪ್ಯೂಟರಿಗೆ ವಿಟಿ-ಎಕ್ಸ್ ಸೌಲಭ್ಯ ಇಲ್ಲ, ಅಥವಾ ಅದನ್ನು ಹೈಪರ್-ವಿ ತಾನೊಂದೇ ಬಳಸುತ್ತಿದೆ. (ಹೈಪರ್-ವಿ ಅಂದರೆ ಮೈಕ್ರೋಸಾಫ್ಟಿನದೇ ವರ್ಚುವಲೈಸೇಶನ್ ಸಾಫ್ಟ್‌ವೇರ್.) ಮೊದಲರ್ಧ ನಿಜವಾದರೆ ಹೊಸ ಕಂಪ್ಯೂಟರ್ ಕೊಳ್ಳಬೇಕು. ಎರಡನೆಯರ್ಧ ನಿಜವಾದರೆ ಒಂದು ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಮೂವತ್ತು-ನಲವತ್ತು ಸಾವಿರ ರೂಪಾಯಿಯ ವ್ಯತ್ಯಾಸವನ್ನು ಒಂದು ಅಲ್ಪವಿರಾಮದಲ್ಲಿ ಮುಗಿಸಿದ ವಾಕ್ಯ ಅದು.

ಸುಮ್ಮನಿದ್ದುಬಿಟ್ಟ ಚಿಪ್

ತಮಾಷೆ ಅಂದರೆ ಪಿಸಿಯ ಮೂಲ ಸಮಸ್ಯೆ ಇದಕ್ಕೆ ತಲೆಕೆಳಗಾಗಿತ್ತು. ಅದು ‘ಇಲ್ಲ’ ಅನ್ನುತ್ತಲೇ ಇರಲಿಲ್ಲ.

1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಅನ್ನುವ ಇಬ್ಬರು ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಅಚ್ಚುಕಟ್ಟಾಗಿ ಓಡಿಸಲು ಚಿಪ್ ಹೇಗಿರಬೇಕು ಅಂತ ಬರೆದಿಟ್ಟರು. ಅವರ ಷರತ್ತು ಸರಳ. ಒಳಗಿರುವ ಅತಿಥಿ ಓಎಸ್ ತನ್ನ ಮಿತಿ ಮೀರುವಂಥ ಯಾವುದೇ ಆಜ್ಞೆ ಕೊಟ್ಟರೂ ಚಿಪ್ ಅಲ್ಲೇ ತಡೆದು ಮೇಲ್ವಿಚಾರಕನಿಗೆ ಸುದ್ದಿ ಮುಟ್ಟಿಸಬೇಕು. ಮೇಲ್ವಿಚಾರಕ, ಅಂದರೆ ಹೈಪರ್‌ವೈಸರ್, ಆಗ ಅತಿಥಿಗೆ ಬೇಕಾದ ಉತ್ತರವನ್ನು ತಾನೇ ಕಟ್ಟಿಕೊಡುತ್ತದೆ. ಐಬಿಎಂನ ದೊಡ್ಡ ಮೇನ್‌ಫ್ರೇಮ್‌ಗಳಲ್ಲಿ ಇದು ಆಗಲೇ ನಡೆಯುತ್ತಿತ್ತು. ವಿಎಂ/370 ಹೊರಬಂದದ್ದು 1972ರಲ್ಲಿ.

ನಮ್ಮ ಮೇಜಿನ ಮೇಲಿನ ಎಕ್ಸ್86 ಚಿಪ್ಪಿಗೆ ಈ ಶಿಸ್ತು ಇರಲಿಲ್ಲ. ಅದರಲ್ಲಿ ಪಾಪ್‌ಎಫ್ ಅಂತ ಒಂದು ಆಜ್ಞೆ ಇದೆ, ಚಿಪ್ಪಿನ ಫ್ಲ್ಯಾಗುಗಳನ್ನು ಸ್ಟ್ಯಾಕಿನಿಂದ ಮರಳಿ ತುಂಬುವುದು ಅದರ ಕೆಲಸ. ಆ ಫ್ಲ್ಯಾಗುಗಳಲ್ಲಿ ಒಂದು ಇಂಟರಪ್ಟ್‌ಗಳನ್ನು, ಅಂದರೆ ನಡುವೆ ಬಂದು ಚಿಪ್ಪಿನ ಗಮನ ಕೇಳುವ ಸಂಕೇತಗಳನ್ನು, ಬಂದ್ ಮಾಡುವಂಥದ್ದು. ಓಎಸ್ಸಿನ ತಿರುಳಾದ ಕರ್ನಲ್ ಇದನ್ನು ಬದಲಿಸಿದರೆ ಬದಲಾಗುತ್ತದೆ. ಅಧಿಕಾರವಿಲ್ಲದ ಪ್ರೋಗ್ರಾಮ್ ಬದಲಿಸಲು ಹೋದರೆ? ತಪ್ಪು ಅನ್ನುವುದಿಲ್ಲ, ತಡೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಆ ಒಂದು ಬಿಟ್ಟನ್ನು ಮಾತ್ರ ಬದಲಿಸದೆ ಮುಂದಿನ ಆಜ್ಞೆಗೆ ಹೋಗಿಬಿಡುತ್ತದೆ. ಅಧಿಕಾರವಿಲ್ಲದೆ ಓಡುತ್ತಿರುವ ಅತಿಥಿ ಓಎಸ್ ಇಂಟರಪ್ಟ್ ಬಂದ್ ಆಗಿದೆ ಅಂದುಕೊಂಡು ಮುಂದುವರಿಯುತ್ತದೆ, ಹೈಪರ್‌ವೈಸರ್‌ಗೆ ಅದು ಕೇಳಿದ್ದೇ ಗೊತ್ತಿಲ್ಲ. ಪೆಂಟಿಯಮ್‌ನಲ್ಲಿ ಇಂಥ 17 ಆಜ್ಞೆಗಳಿವೆ ಅಂತ 2000ದಲ್ಲಿ ಇಬ್ಬರು ಸಂಶೋಧಕರು ಎಣಿಸಿ ತೋರಿಸಿದರು. ಅಷ್ಟರೊಳಗೆ ವಿಎಂವೇರ್ 1999ರಲ್ಲೇ ವರ್ಕ್‌ಸ್ಟೇಶನ್ ಬಿಡುಗಡೆ ಮಾಡಿ ಕೆಲಸ ನಡೆಸಿಕೊಂಡಿತ್ತು. ಅತಿಥಿ ಕರ್ನಲ್ಲಿನ ಕೋಡನ್ನು ಓಡುತ್ತಿರುವಾಗಲೇ ಓದಿ, ಈ ತೊಂದರೆಯ ಆಜ್ಞೆಗಳು ಬಂದಲ್ಲೆಲ್ಲ ಬೇರೆ ಕೋಡು ಬರೆದು ಹಾಕುವುದು ಅದರ ಉಪಾಯ. ಇಷ್ಟು ಕಷ್ಟದ ಕೆಲಸ ಅಷ್ಟು ಚೆನ್ನಾಗಿ ನಡೆಯಿತಲ್ಲ ಅಂತ ನನಗೆ ಈಗಲೂ ಅಚ್ಚರಿ.

ಇಂಟೆಲ್ 2005ರ ನವೆಂಬರಿನಲ್ಲಿ ಎರಡು ಪೆಂಟಿಯಮ್ 4 ಮಾದರಿಗಳಲ್ಲಿ ವಿಟಿ-ಎಕ್ಸ್ ತಂದಿತು, ಎಎಂಡಿ ಮರುವರ್ಷ ಎಎಂಡಿ-ವಿ ತಂದಿತು. ಚಿಪ್ ಕೊನೆಗೂ ಬಾಯಿ ಬಿಡಲು ಕಲಿಯಿತು. ಅತಿಥಿ ಎಲ್ಲೆ ಮೀರಿದೊಡನೆ ಓಟ ನಿಲ್ಲಿಸಿ ಹೈಪರ್‌ವೈಸರ್ ಕೈಗೆ ಕೊಡುತ್ತದೆ. ಒಳಗಡೆ ಉತ್ತರ ಸಿಗುವ ಹಾಗಾಯಿತು. ಹೊರಗಡೆ, ನಮ್ಮಂಥವರಿಗೆ, ಗೊಂದಲ ಶುರುವಾದದ್ದು ಆಗಲೇ.

ಫೋನಿನ ಕ್ಯಾಮೆರಾದಲ್ಲಿ ಬಯಾಸ್

2021, ಕಾಲೇಜುಗಳು ಮುಚ್ಚಿದ್ದ ಕಾಲ. ಅಕ್ಕನ ಮಗ ಹಾಸನದ ಮನೆಯಲ್ಲಿ ಕೂತು ಆರನೇ ಸೆಮಿಸ್ಟರ್ ಮಾಡುತ್ತಿದ್ದ. ವಿಟಿಯು ಸಿಲಬಸ್ಸಿನಲ್ಲಿ ಮೊಬೈಲ್ ಅಪ್ಲಿಕೇಶನ್ ಲ್ಯಾಬ್ ಇತ್ತು, ಅಂದರೆ ಆಂಡ್ರಾಯ್ಡ್ ಸ್ಟುಡಿಯೋ, ಅಂದರೆ ಎಮ್ಯುಲೇಟರ್, ಅಂದರೆ ವಿಟಿ-ಎಕ್ಸ್. ಲ್ಯಾಬಿನ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಯಾರೋ ಮೊದಲೇ ಸರಿಮಾಡಿಟ್ಟಿರುತ್ತಾರೆ. ಮನೆಯ ಲ್ಯಾಪ್‌ಟಾಪಿನಲ್ಲಿ ಯಾರು ಮಾಡಬೇಕು? ಮಾಮ ಮಾಡಬೇಕು.

“ಮಾಮ, ಬಯಾಸ್‌ನಲ್ಲಿ ಸೆಕ್ಯುರಿಟಿ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡು ಅಂತ ಅದೇ ಹೇಳ್ತಿದೆ. ಸೆಕ್ಯುರಿಟಿಲಿ ಬರೀ ಪಾಸ್‌ವರ್ಡ್ ಇದೆ.”

ಮೆಸೇಜಿನಲ್ಲಿ ನಿಜಕ್ಕೂ ಹಾಗೇ ಇತ್ತು. ಬಯಾಸಿಗೆ ಹೋದರೆ ಎನಿಡೆಸ್ಕ್ ಸಾಯುತ್ತದೆ, ಸ್ಕ್ರೀನ್ ಶೇರ್ ಇಲ್ಲ. ಉಳಿದದ್ದು ವಿಡಿಯೋ ಕಾಲ್. ಅವನು ಒಂದು ಕೈಯಲ್ಲಿ ಫೋನ್ ಹಿಡಿದು ಲ್ಯಾಪ್‌ಟಾಪಿನ ಕಡೆ ತಿರುಗಿಸಿದ, ಇನ್ನೊಂದು ಕೈ ಬಾಣದ ಕೀಲಿಗಳ ಮೇಲೆ. ನನಗೆ ಕಾಣುತ್ತಿದ್ದುದು ನೀಲಿ-ಬೂದು ಪರದೆಯ ಮೇಲೆ ಅಡ್ಡಡ್ಡ ಹರಿಯುವ ಕಪ್ಪು ಪಟ್ಟೆಗಳು, ಅದರ ನಡುವೆ ಟ್ಯೂಬ್‌ಲೈಟಿನ ಪ್ರತಿಬಿಂಬ. “ಲೈಟ್ ಆರಿಸೋ.” ಆರಿಸಿದ. ಈಗ ಅವನ ಬೆರಳಿಗೆ ಕೀಲಿ ಕಾಣುತ್ತಿಲ್ಲ. “ಎಫ್10 ಒತ್ತಬೇಡ ಕಣೋ, ಅದು ಸೇವ್.” ಹಿಂದಿನಿಂದ ಅಕ್ಕ, “ಲ್ಯಾಪ್‌ಟಾಪ್ ಕೆಟ್ಟೋಗಲ್ಲ ತಾನೆ?” ಅಂದದ್ದೂ ಕೇಳಿಸಿತು.

ಸೆಕ್ಯುರಿಟಿ ಬಿಟ್ಟು ಸಿಸ್ಟಮ್ ಕಾನ್ಫಿಗರೇಶನ್ ಅನ್ನುವ ಪುಟದಲ್ಲಿ, ಫ್ಯಾನು ಯಾವಾಗಲೂ ತಿರುಗಬೇಕೇ ಅನ್ನುವ ಪ್ರಶ್ನೆಯ ಆಸುಪಾಸಿನಲ್ಲಿ ‘ವರ್ಚುವಲೈಸೇಶನ್ ಟೆಕ್ನಾಲಜಿ – ಡಿಸೇಬಲ್ಡ್’ ಸಿಕ್ಕಿತು. ಇದು ಎಲ್ಲಿರಬೇಕು, ಹೆಸರೇನಿರಬೇಕು ಅನ್ನುವುದಕ್ಕೆ ಯಾವ ನಿಯಮವೂ ಇಲ್ಲ. ಕೆಲವು ಕಡೆ ಸೆಕ್ಯುರಿಟಿ, ಕೆಲವು ಕಡೆ ಅಡ್ವಾನ್ಸ್ಡ್ ಒಳಗಿನ ಸಿಪಿಯು ಕಾನ್ಫಿಗರೇಶನ್. ಅಸೆಂಬಲ್ ಮಾಡಿಸಿದ ಎಎಂಡಿ ಮೆಷೀನಾದರೆ ಹೆಸರು ‘ಎಸ್‌ವಿಎಂ ಮೋಡ್’, ಅದೂ ಒಮ್ಮೊಮ್ಮೆ ಓವರ್‌ಕ್ಲಾಕಿಂಗ್ ಪುಟದ ಒಳಗೆ, ವೋಲ್ಟೇಜುಗಳ ಮಧ್ಯೆ. ಹಳೆಯ ಬೋರ್ಡುಗಳಲ್ಲಿ ‘ವ್ಯಾಂಡರ್‌ಪೂಲ್’ ಅಂತಲೂ ಇರುತ್ತಿತ್ತು, ಅದು ವಿಟಿ-ಎಕ್ಸ್ ಹುಟ್ಟುವ ಮುಂಚಿನ ಇಂಟೆಲ್ ಸಂಕೇತನಾಮ. ಪಕ್ಕದಲ್ಲೇ ‘ವಿಟಿ-ಡಿ’ ಇದ್ದು ಅದನ್ನು ಆನ್ ಮಾಡಿ ಬಂದವರೂ ಇದ್ದಾರೆ. ಅದು ಗ್ರಾಫಿಕ್ಸ್ ಕಾರ್ಡಿನಂಥ ಸಾಧನವನ್ನು ನೇರ ಅತಿಥಿಗೆ ಒಪ್ಪಿಸುವ ಬೇರೆಯೇ ಸೌಲಭ್ಯ, ಎಮ್ಯುಲೇಟರಿಗೆ ಬೇಕಿಲ್ಲ.

ಆದರೆ ಒಂದು ಸ್ವಿಚ್ ಅಷ್ಟು ಒಳಗೆ ಯಾಕಿದೆ? ಪ್ರತಿ ಸಲ ಪವರ್ ಆನ್ ಆದಾಗ ಇಂಟೆಲ್ ಚಿಪ್ಪಿನ ಒಳಗೆ ಫೀಚರ್ ಕಂಟ್ರೋಲ್ ಅನ್ನುವ ಒಂದು ರಿಜಿಸ್ಟರ್ ಖಾಲಿಯಾಗಿ ಏಳುತ್ತದೆ. ಅದರಲ್ಲಿ ಒಂದು ಬಿಟ್ ವಿಟಿ-ಎಕ್ಸ್ ಅನುಮತಿ, ಇನ್ನೊಂದು ಬೀಗ. ಬಯಾಸ್ ತನ್ನ ಸೆಟ್ಟಿಂಗ್ ನೋಡಿ ಅನುಮತಿ ಬರೆಯುತ್ತದೆ ಅಥವಾ ಬರೆಯದೆ ಬಿಡುತ್ತದೆ, ಆಮೇಲೆ ಬೀಗದ ಬಿಟ್ ಹಾಕುತ್ತದೆ. ಬೀಗ ಬಿದ್ದಮೇಲೆ ಮುಂದಿನ ರೀಸೆಟ್ ತನಕ ಆ ರಿಜಿಸ್ಟರನ್ನು ಯಾರೂ ತಿದ್ದುವಂತಿಲ್ಲ, ವಿಂಡೋಸ್ ಅಲ್ಲ, ಲಿನಕ್ಸ್ ಅಲ್ಲ, ಅಡ್ಮಿನ್ ಪಾಸ್‌ವರ್ಡ್ ಇರುವ ನೀವೂ ಅಲ್ಲ. ವಿಂಡೋಸ್ ಲೋಗೊ ಬರುವ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ. ಅದಕ್ಕೇ ವಿಂಡೋಸ್ ಒಳಗಿಂದ ವಿಟಿ ಆನ್ ಮಾಡಿಕೊಡುವ ಸಾಫ್ಟ್‌ವೇರ್ ಇದೆ ಅಂತ ಯಾರಾದರೂ ಲಿಂಕ್ ಕಳಿಸಿದರೆ ಮುಟ್ಟಬೇಡಿ.

ಬೀಗದ ಬಗ್ಗೆ ನನಗೆ ತಕರಾರಿಲ್ಲ, ಅದಕ್ಕೆ ಕಾರಣವಿದೆ. 2006ರ ಆಗಸ್ಟಿನಲ್ಲಿ ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನದಲ್ಲಿ ಸಂಶೋಧಕಿ ಜೊಆನ್ನಾ ರುಟ್ಕೊವ್‌ಸ್ಕಾ ‘ಬ್ಲೂ ಪಿಲ್’ ತೋರಿಸಿದರು. ಓಡುತ್ತಿರುವ ವಿಂಡೋಸ್ ವಿಸ್ತಾವನ್ನು, ಅದಕ್ಕೆ ಗೊತ್ತಾಗದ ಹಾಗೆ, ಎಎಂಡಿಯ ವರ್ಚುವಲೈಸೇಶನ್ ಬಳಸಿ ಒಂದು ತೆಳು ಹೈಪರ್‌ವೈಸರಿನ ಮೇಲೆ ಎತ್ತಿ ಕೂರಿಸುವ ಪ್ರಯೋಗ. ಹಾಗೆ ಕೆಳಗೆ ನುಸುಳಿದವನನ್ನು ಮೇಲಿರುವ ಆ್ಯಂಟಿವೈರಸ್ ಹುಡುಕುವುದು ಹೇಗೆ ಅಂತ ದೊಡ್ಡ ಚರ್ಚೆ ಎದ್ದಿತು. ಬಳಸದವರಿಗೆ ಆಫ್ ಇರಲಿ ಅನ್ನುವ ವಾದಕ್ಕೆ ಅದರಿಂದ ಬಲ ಬಂತು. ಸರಿಯೇ. ಆದರೆ ಆಫ್ ಮಾಡಿ ಬೀಗ ಹಾಕಿ, ಬಯಾಸಿನಲ್ಲಿ ಆ ಸೆಟ್ಟಿಂಗನ್ನೇ ತೋರಿಸದ ಲ್ಯಾಪ್‌ಟಾಪುಗಳೂ ಬಂದವಲ್ಲ, ಅದನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ತಂದ ಚಿಪ್ಪಿನ ಒಂದು ಭಾಗ ಅದರ ಒಡೆಯನಿಗೆ ಯಾವತ್ತೂ ಸಿಗುವುದಿಲ್ಲ. 2009ರಲ್ಲಿ ವಿಂಡೋಸ್ 7 ಜೊತೆ ಬಂದ, ಹಳೆಯ ಎಕ್ಸ್‌ಪಿ ಪ್ರೋಗ್ರಾಮುಗಳನ್ನು ಓಡಿಸುವ ಎಕ್ಸ್‌ಪಿ ಮೋಡ್‌ಗೆ ಮೈಕ್ರೋಸಾಫ್ಟ್ ಹಾರ್ಡ್‌ವೇರ್ ವರ್ಚುವಲೈಸೇಶನ್ ಕಡ್ಡಾಯ ಮಾಡಿತ್ತು. 2010ರ ಮಾರ್ಚ್ ಹೊತ್ತಿಗೆ ಆ ಷರತ್ತನ್ನೇ ಕೈಬಿಟ್ಟಿತು. ತಮ್ಮ ಮೆಷೀನಿನಲ್ಲಿ ಇದು ಇದೆಯೋ ಇಲ್ಲವೋ ಅನ್ನುವುದನ್ನೇ ಜನ ಕಂಡುಕೊಳ್ಳಲಾಗದಿದ್ದಾಗ ಇನ್ನೇನು ಮಾಡುವುದು?

(ಬಯಾಸಿಗೆ ಹೋಗುವುದೇ ಆಗುತ್ತಿಲ್ಲ ಅನ್ನುವವರಿಗೆ: ಈಗಿನ ಮೆಷೀನುಗಳು ಎಷ್ಟು ಬೇಗ ಬೂಟ್ ಆಗುತ್ತವೆ ಅಂದರೆ ಎಫ್2 ಒತ್ತುವಷ್ಟರಲ್ಲಿ ಲಾಗಿನ್ ಪರದೆ ಬಂದಿರುತ್ತದೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್ ಒಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಸಿಗುತ್ತದೆ, ಅದೇ ಬಯಾಸಿನ ಬಾಗಿಲು. ಶಟ್‌ಡೌನ್ ಮಾಡಿ ಆನ್ ಮಾಡುವುದಕ್ಕಿಂತ ಇದು ಖಾತ್ರಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಶಟ್‌ಡೌನ್ ಅನ್ನುವುದು ಅರ್ಧ ನಿದ್ದೆ.)

ಎಸ್.ಪಿ. ರೋಡಿನ ಎರಡು ಚಿಪ್

ಚಿಪ್ಪೇ ಇಲ್ಲ ಅಂದದ್ದನ್ನು ನಾನು ಕಣ್ಣಾರೆ ಕಂಡದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಮನೆಯಲ್ಲಿ ಕೆವಿಎಂ, ಅಂದರೆ ಲಿನಕ್ಸಿನೊಳಗಿನ ಹೈಪರ್‌ವೈಸರ್, ಕಲಿಯಲು ಒಂದು ಸೆಕೆಂಡ್‌ಹ್ಯಾಂಡ್ ಮೆಷೀನ್ ಬೇಕಿತ್ತು, ಬಜೆಟ್ ತೀರಾ ಕಡಿಮೆ. ಮೆಟ್ಟಿಲು ಹತ್ತಿ ಹೋಗುವ ಒಂದು ಪುಟ್ಟ ಅಂಗಡಿ. ಗೋಡೆ ಪೂರ್ತಿ ಎಸ್‌ಎಂಪಿಎಸ್‌ಗಳು, ನೆಲದ ಮೇಲೆ ಕಾಲಿಡಲು ಜಾಗ ಬಿಟ್ಟು ಉಳಿದೆಲ್ಲ ಕ್ಯಾಬಿನೆಟ್ಟು. ಅಂಗಡಿಯವರು ಎರಡು ಕೋರ್ 2 ಡುಯೊ ಇ7400 ತೆಗೆದು ಗಾಜಿನ ಮೇಲಿಟ್ಟರು. “ಯಾವುದಾದ್ರೂ ತಗೊಳಿ ಸಾರ್, ಎರಡೂ ಒಂದೇ.”

ಒಂದೇ ಅಲ್ಲ ಅಂತ ಎಲ್ಲೋ ಓದಿಕೊಂಡು ಹೋಗಿದ್ದೆ. ಇ7400 ಅನ್ನುವ ಒಂದೇ ಮಾರಾಟದ ಹೆಸರಿನಲ್ಲಿ ವಿಟಿ-ಎಕ್ಸ್ ಇರುವ ಚಿಪ್ಪುಗಳೂ ಇದ್ದವು, ಇಲ್ಲದವೂ ಇದ್ದವು. ವೇಗ ಅದೇ, ಕ್ಯಾಶ್ ಅದೇ, ಸಾಕೆಟ್ ಅದೇ. ವ್ಯತ್ಯಾಸ ಗೊತ್ತಾಗುವುದು ಮೇಲಿನ ಲೋಹದ ಮುಚ್ಚಳದ ಮೇಲೆ ಕೆತ್ತಿದ, ಎಸ್‌ಎಲ್ ಅಂತ ಶುರುವಾಗುವ ಐದಕ್ಷರದ ಎಸ್-ಸ್ಪೆಕ್ ಕೋಡಿನಿಂದ ಮಾತ್ರ. ಎರಡರ ಮೇಲೂ ಒಣಗಿ ಸುಣ್ಣದಂತಾದ ಥರ್ಮಲ್ ಪೇಸ್ಟ್ ಕೂತಿತ್ತು. ಅಂಗಡಿಯವರು ವೇಸ್ಟ್ ಬಟ್ಟೆಗೆ ಥಿನ್ನರ್ ಸೋಕಿಸಿ, ಹೆಬ್ಬೆರಳಲ್ಲಿ ತಿಕ್ಕಿ, ಕಿಟಕಿ ಕಡೆ ವಾರೆಯಾಗಿ ಹಿಡಿದರು. ನೇರ ಹಿಡಿದರೆ ಕಾಣದ ಅಕ್ಷರಗಳು ಓರೆ ಬೆಳಕಿಗೆ ಎದ್ದು ಬಂದವು. ಕೋಡ್ ಬೇರೆ ಬೇರೆ. ಕಾಗದದಲ್ಲಿ ಬರೆದುಕೊಂಡದ್ದಕ್ಕೆ ಹೋಲಿಸಿದೆವು. ಸಾಲದೆಂದು ಪೆನ್‌ಡ್ರೈವಿನಿಂದ ಉಬುಂಟು ಬೂಟ್ ಮಾಡಿ ಸಿಪಿಯುಇನ್ಫೊ ಫೈಲಿನಲ್ಲಿ ‘ವಿಎಂಎಕ್ಸ್’ ಅನ್ನುವ ಫ್ಲ್ಯಾಗ್ ಹುಡುಕಿದೆ. ಒಂದರಲ್ಲಿ ಸಿಕ್ಕಿತು, ಇನ್ನೊಂದರಲ್ಲಿ ಇಲ್ಲ. “ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲ ಸಾರ್,” ಅಂದ ಅವರು, ಸಿಕ್ಕಿದ ಚಿಪ್ಪಿಗೆ ಇನ್ನೂರು ರೂಪಾಯಿ ಜಾಸ್ತಿ ಹೇಳಿದರು. ಕಲಿಯುವುದರಲ್ಲಿ ಅಂಥ ಚುರುಕು ನಾನು ಕಡಿಮೆ ನೋಡಿದ್ದೇನೆ.

ಈ ಥರದ ‘ಇಲ್ಲ’ಗೆ ಮದ್ದಿಲ್ಲ, ಹಾಗಾಗಿ ಇದೇ ಅತ್ಯಂತ ಪ್ರಾಮಾಣಿಕವಾದದ್ದು. ಆ ಕಾಲದಲ್ಲಿ ಅಂಥ ಚಿಪ್ಪಿನಲ್ಲೂ ವರ್ಚುವಲ್‌ಬಾಕ್ಸ್ ಕುಂಟುತ್ತ ಓಡುತ್ತಿತ್ತು, ಹೊಸ ಮೆಷೀನ್ ಪಟ್ಟಿಯಲ್ಲಿ 64-ಬಿಟ್ ಆಯ್ಕೆಗಳು ಕಾಣೆಯಾಗಿರುತ್ತಿದ್ದವು ಅಷ್ಟೆ. 2019ರ ಕೊನೆಗೆ ಬಂದ 6.1ರಿಂದ ಆ ಕುಂಟುವ ದಾರಿಯನ್ನೂ ತೆಗೆದುಹಾಕಿದರು. ಲಿನಕ್ಸಿನ ಆ ಫ್ಲ್ಯಾಗಿನ ಅರ್ಥವೂ ಈಚೆಗೆ ಬದಲಾಗಿದೆ. ಮೊದಲೆಲ್ಲ ಅದು ಚಿಪ್ಪಿನ ಯೋಗ್ಯತೆಯನ್ನು ಮಾತ್ರ ಹೇಳುತ್ತಿತ್ತು, ಬಯಾಸ್ ಬೀಗ ಹಾಕಿದ್ದರೂ ಕಾಣುತ್ತಿತ್ತು, ‘ಕೆವಿಎಂ: ಡಿಸೇಬಲ್ಡ್ ಬೈ ಬಯಾಸ್’ ಅನ್ನುವ ಸಾಲು ಡಿಮೆಸೇಜಿನಲ್ಲಿ, ಅಂದರೆ ಕರ್ನಲ್ಲಿನ ಸಂದೇಶಗಳ ಪಟ್ಟಿಯಲ್ಲಿ, ಬೇರೆ ಬರುತ್ತಿತ್ತು. 5.6ರಿಂದ ಈಚಿನ ಕರ್ನಲ್ ಬೀಗ ಕಂಡರೆ ಫ್ಲ್ಯಾಗನ್ನೇ ಅಳಿಸುತ್ತದೆ. ಹಳೆಯ ಬರಹ ಓದಿ ‘ವಿಎಂಎಕ್ಸ್ ಇಲ್ಲ, ಹಾಗಾದರೆ ಚಿಪ್ಪೇ ಇಲ್ಲ’ ಅಂತ ತೀರ್ಮಾನಿಸುವವರು ಡಿಮೆಸೇಜ್ ಒಮ್ಮೆ ನೋಡಿ.

ಮೊದಲೇ ಬಂದು ಕೂತವರು

ಈಗ ಶುರುವಿನ ಒಗಟಿಗೆ. ಚಿಪ್ ಸರಿ, ಬಯಾಸ್ ಸರಿ, ಟಾಸ್ಕ್ ಮ್ಯಾನೇಜರ್ ಎನೇಬಲ್ಡ್ ಅನ್ನುತ್ತಿದೆ. ಆದರೂ ವರ್ಚುವಲ್‌ಬಾಕ್ಸ್ ಇಲ್ಲ ಅನ್ನುತ್ತಿದೆ. ಈಚಿನ ವರ್ಷಗಳಲ್ಲಿ ನನ್ನ ಹತ್ತಿರ ಬರುವ ಹೆಚ್ಚಿನ ಪ್ರಕರಣ ಇವೇ.

ಹೈಪರ್-ವಿ ಆನ್ ಆದರೆ ಅದು ವಿಂಡೋಸ್ ಒಳಗೆ ಓಡುವ ಒಂದು ಪ್ರೋಗ್ರಾಮ್ ಅಂತ ಜನ ತಿಳಿದಿರುತ್ತಾರೆ. ಅದು ವಿಂಡೋಸ್ ಕೆಳಗೆ ಹೋಗಿ ಕೂರುತ್ತದೆ. ಬೂಟ್ ಆಗುವಾಗ ಹೈಪರ್‌ವೈಸರ್ ಮೊದಲು ಏಳುತ್ತದೆ, ನೀವು ದಿನಾ ಬಳಸುವ ವಿಂಡೋಸ್ ಅದರ ಮೇಲೆ ರೂಟ್ ಪಾರ್ಟಿಶನ್ ಅನ್ನುವ ವಿಶೇಷ ಅತಿಥಿಯಾಗಿ ಓಡುತ್ತದೆ. ಮನೆ ಮಾಲೀಕ ತನ್ನದೇ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ. ವಿಟಿ-ಎಕ್ಸ್ ಈಗ ಹೈಪರ್-ವಿಯ ಕೈಯಲ್ಲಿದೆ, ಮೇಲಿನ ವಿಂಡೋಸಿಗೆ ಚಿಪ್ಪಿನ ಸೌಲಭ್ಯಗಳನ್ನು ಹೇಳುವ ಸಿಪಿಯುಐಡಿ ಆಜ್ಞೆಯ ಮೂಲಕ ಆ ಸೌಲಭ್ಯವನ್ನು ಅದು ತೋರಿಸುವುದೇ ಇಲ್ಲ. ಹಾಗಾಗಿ ವರ್ಚುವಲ್‌ಬಾಕ್ಸ್ ಚಿಪ್ಪನ್ನು ಕೇಳಿದಾಗ ಅದಕ್ಕೆ ಸಿಗುವ ಉತ್ತರ ‘ಇಲ್ಲ’. ಟಾಸ್ಕ್ ಮ್ಯಾನೇಜರ್ ಹೇಳುವುದು ಮೆಷೀನಿನಲ್ಲಿ ವರ್ಚುವಲೈಸೇಶನ್ ಆನ್ ಇದೆಯೇ ಅನ್ನುವುದನ್ನು. ಇದೆ, ಭರ್ತಿಯಾಗಿ ಬಳಕೆಯಲ್ಲೇ ಇದೆ! ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಸ್ಟಮ್‌ಇನ್ಫೊ ಅಂತ ಕೊಟ್ಟರೆ ಕೊನೆಯ ಸಾಲಿನಲ್ಲಿ ಇದು ಬಯಲಾಗುತ್ತದೆ. ಹೈಪರ್‌ವೈಸರ್ ಇಲ್ಲದಿದ್ದರೆ ಅಲ್ಲಿ ನಾಲ್ಕು ಯೆಸ್-ನೋ ಸಾಲುಗಳಿರುತ್ತವೆ, ಬಯಾಸ್ ಆನ್ ಇದೆಯೇ ಅನ್ನುವುದೂ ಸೇರಿ. ಇದ್ದರೆ, ‘ಒಂದು ಹೈಪರ್‌ವೈಸರ್ ಪತ್ತೆಯಾಗಿದೆ’ ಅಂತ ಒಂದೇ ಸಾಲು ಹೇಳಿ ಕೈತೊಳೆದುಕೊಳ್ಳುತ್ತದೆ.

“ನಾನು ಹೈಪರ್-ವಿ ಹಾಕೇ ಇಲ್ಲ” ಅನ್ನುವುದು ಮುಂದಿನ ಮಾತು. ಹಾಕಿರುವುದಿಲ್ಲ, ನಿಜ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2 ಹಾಕಿರುತ್ತಾರೆ, ಅಥವಾ ಡಾಕರ್ ಡೆಸ್ಕ್‌ಟಾಪ್ ಹಾಕಿರುತ್ತಾರೆ. ಅದೂ ಇಲ್ಲದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಒಳಗೆ ಮೆಮೊರಿ ಇಂಟೆಗ್ರಿಟಿ ಆನ್ ಇರುತ್ತದೆ, ಹೊಸ ವಿಂಡೋಸ್ 11 ಲ್ಯಾಪ್‌ಟಾಪಾದರೆ ಹೆಚ್ಚಿನಂಶ ತಾನಾಗೇ. ಇವೆಲ್ಲ ಒಳಗೊಳಗೇ ಅದೇ ಹೈಪರ್‌ವೈಸರನ್ನು ಎಬ್ಬಿಸುತ್ತವೆ. ಮೆಮೊರಿ ಇಂಟೆಗ್ರಿಟಿ ಏನು ಮಾಡುತ್ತದೆ ಅಂತ ನೋಡಿದಾಗ ನನಗೆ ಬ್ಲೂ ಪಿಲ್ ನೆನಪಾಗದೆ ಇರುವುದಿಲ್ಲ. ಕರ್ನಲ್ಲಿಗೂ ಕೈಗೆಟುಕದ ಜಾಗದಲ್ಲಿ, ಅದರ ಕೆಳಗೆ ಕೂತು, ಯಾವ ಡ್ರೈವರ್ ಕೋಡ್ ಓಡಬಹುದು ಅಂತ ತೀರ್ಮಾನಿಸುವುದು. 2006ರಲ್ಲಿ ಯಾವ ಜಾಗಕ್ಕೆ ಕಳ್ಳ ಬಂದುಬಿಟ್ಟರೆ ಅಂತ ಹೆದರಿದ್ದರೋ ಅದೇ ಜಾಗದಲ್ಲಿ ಈಗ ಕಾವಲುಗಾರನನ್ನು ಕೂರಿಸಿದ್ದಾರೆ. ಒಬ್ಬರಿಗೇ ಜಾಗ, ಕಾವಲುಗಾರನಿದ್ದರೆ ನಿಮ್ಮ ವರ್ಚುವಲ್‌ಬಾಕ್ಸಿಗೂ ಇಲ್ಲ.

ವಿಡಿಯೋಗಳಲ್ಲಿ ಹೇಳುವ ಬಿಸಿಡಿಎಡಿಟ್ ಮದ್ದು, ಅಂದರೆ ಹೈಪರ್‌ವೈಸರ್ ಲಾಂಚ್ ಟೈಪ್ ಆಫ್ ಮಾಡುವುದು, ಕೆಲಸ ಮಾಡುತ್ತದೆ. ಆದರೆ ಬ್ಲೂಸ್ಟ್ಯಾಕ್ಸ್‌ನಲ್ಲಿ ಗೇಮ್ ಆಡಲು ಅದನ್ನು ಮಾಡಿ, ಮರುವಾರ ಡಬ್ಲ್ಯೂಎಸ್‌ಎಲ್ ಓಡುತ್ತಿಲ್ಲ ಅಂತ ಬರುತ್ತಾರೆ. ಕಾವಲು ತೆಗೆದದ್ದು ಯಾರಿಗೂ ನೆನಪಿರುವುದಿಲ್ಲ. ನಾನು ಈಗ ಆಫ್ ಮಾಡಿ ಅನ್ನುವುದನ್ನು ಬಿಟ್ಟಿದ್ದೇನೆ. ವರ್ಚುವಲ್‌ಬಾಕ್ಸ್ 6.0ರಿಂದ, ವಿಎಂವೇರ್ ವರ್ಕ್‌ಸ್ಟೇಶನ್ 15.5.5ರಿಂದ ಹೈಪರ್-ವಿ ಮೇಲೆಯೇ ಓಡಬಲ್ಲವು. ಆಂಡ್ರಾಯ್ಡ್ ಎಮ್ಯುಲೇಟರ್ ಕೂಡ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಅನ್ನುವ ಒಂದು ಟಿಕ್ ಹಾಕಿದರೆ ಹೊಂದಿಕೊಂಡು ಹೋಗುತ್ತದೆ. ಹಾಗೆ ಓಡುವಾಗ ವರ್ಚುವಲ್‌ಬಾಕ್ಸಿನ ಕೆಳಗಿನ ಪಟ್ಟಿಯಲ್ಲಿ ಒಂದು ಹಸಿರು ಆಮೆ ಬರುತ್ತದೆ, ನಿಧಾನ ಅಂತ ಎಚ್ಚರಿಕೆ. ಲ್ಯಾಬ್ ಪ್ರೋಗ್ರಾಮಿಗೆ ಆಮೆ ಸಾಕು. ದಿನವಿಡೀ ವಿಎಂ ಒಳಗೇ ದುಡಿಯುವವರು ಲಿನಕ್ಸಿಗೆ ಹೋಗಿ ಅನ್ನುತ್ತೇನೆ.

ಲಿನಕ್ಸಿಗೆ ಹೋದರೆ ನೆಮ್ಮದಿಯೇ? ಆಫೀಸಿನ ಡೆಸ್ಕ್‌ಟಾಪಿನಲ್ಲಿ ಕರ್ನಲ್ 6.12ಕ್ಕೆ ಏರಿದ ಬೆಳಗ್ಗೆ ವರ್ಚುವಲ್‌ಬಾಕ್ಸ್ ನಿಂತಿತು. ಮೊದಲು ಕೆವಿಎಂ ಮಾಡ್ಯೂಲ್ ಲೋಡ್ ಆಗಿ ಸುಮ್ಮನಿರುತ್ತಿತ್ತು, ಯಾರಾದರೂ ಕೆವಿಎಂ ಮೆಷೀನ್ ಸ್ಟಾರ್ಟ್ ಮಾಡಿದಾಗ ಮಾತ್ರ ವಿಟಿ-ಎಕ್ಸ್ ಹಿಡಿಯುತ್ತಿತ್ತು. ಈಗ ಲೋಡ್ ಆದಕೂಡಲೇ ಹಿಡಿದುಕೊಳ್ಳುತ್ತದೆ. ಆದರೆ ಈ ಸಲ ಬಂದ ಮೆಸೇಜ್ ನೋಡಿ ನನಗೆ ಖುಷಿಯಾಯಿತು. ತಡೆದವರು ಯಾರು ಅಂತ ಹೆಸರು ಹಿಡಿದು ಹೇಳಿತ್ತು: ಕೆವಿಎಂ. ಪರಿಹಾರವಾಗಿ ಕೆವಿಎಂ ತೆಗೆದು ಕರ್ನಲ್ ರೀಕಂಪೈಲ್ ಮಾಡಿ ರೀಬೂಟ್ ಮಾಡಿ ಅಂತಲೂ ಇತ್ತು. ಅಷ್ಟೆಲ್ಲ ಬೇಡ. ಮಾಡ್‌ಪ್ರೋಬ್ ಅನ್ನುವ ಕಮಾಂಡಿಗೆ ಮೈನಸ್ ಆರ್ ಕೊಟ್ಟು ಕೆವಿಎಂ ಇಂಟೆಲ್ ಮಾಡ್ಯೂಲನ್ನು ಇಳಿಸಿದರೆ ಸಾಕು, ಎಎಂಡಿ ಆದರೆ ಕೆವಿಎಂ ಎಎಂಡಿ.